ದೇವಕಣಗಿಲೆಗೆ ನಾನು ಮಾಡಿದ ಕ್ಷೌರ

ಕರಡು ತಿದ್ದುವುದು ನನ್ನ ಉದ್ಯೋಗ. ಇಪ್ಪತ್ತು ವರ್ಷಗಳಿಂದ ಮುದ್ರಣಾಲಯದ ಮೂಲೆಯಲ್ಲಿ ಕುಳಿತು ಪರರ ತಪ್ಪು ಹಿಡಿಯುತ್ತಾ ಬಂದವನಿಗೆ, ಅಂಗಳದ ಒಂದು ಮರವನ್ನು ತಿದ್ದುವುದು ಯಾವ ದೊಡ್ಡ ಕೆಲಸ!

ಮರವೆಂದರೆ ನಮ್ಮ ದೇವಕಣಗಿಲೆ. ಹೆಂಡತಿಯ ತವರಿನಲ್ಲಿದ್ದ ಮರ ರಸ್ತೆ ಅಗಲೀಕರಣದಲ್ಲಿ ಉರುಳುವ ಹಿಂದಿನ ದಿನ ಅತ್ತೆಯವರು ಮುರಿದು ತಂದ ಒಂದೇ ಕೊಂಬೆಯಿಂದ ಬೆಳೆದದ್ದು. ಪ್ರತಿ ಬೇಸಿಗೆಯಲ್ಲೂ ಅವರು ಅದರ ಹೂವಿಗಾಗಿಯೇ ನಮ್ಮಲ್ಲಿಗೆ ಬರುತ್ತಿದ್ದರು. ಅಳಿಯನನ್ನು ನೋಡುವುದಕ್ಕಲ್ಲ, ಆ ವಿಷಯದಲ್ಲಿ ನನಗೆ ಭ್ರಮೆಯಿಲ್ಲ.

ಚಳಿಗಾಲದಲ್ಲಿ ಎಲೆಯೆಲ್ಲ ಉದುರಿ ಅದು ಬೋಳು ಬೋಳಾಗಿ, ಕೈಕಾಲುಗಳನ್ನು ಎತ್ತೆತ್ತಲೋ ಚಾಚಿ ನಿಂತಿತ್ತು. ಹೆಂಡತಿ ತರಬೇತಿಗೆಂದು ಎರಡು ದಿನ ಬೇರೆ ಊರಿಗೆ ಹೋದಳು. ಬರುವಷ್ಟರಲ್ಲಿ ಮರಕ್ಕೆ ಶಿಸ್ತು ಕಲಿಸಿ ಅವಳನ್ನು ಬೆರಗುಗೊಳಿಸಬೇಕೆಂದು ಗರಗಸ ಹಿಡಿದು ಏಣಿ ಹತ್ತಿದೆ. ಒಂದು ಪಕ್ಕ ಕತ್ತರಿಸಿದರೆ ಇನ್ನೊಂದು ಪಕ್ಕ ಉದ್ದವಾಯಿತು. ಅದನ್ನು ಕತ್ತರಿಸಿದೆ. ಈಗ ಮೊದಲನೆಯದು ಉದ್ದ. ಹೀಗೆ ಸಮಾನತೆ ಸಾಧಿಸುತ್ತಾ ಸಾಧಿಸುತ್ತಾ ಮರ ನನ್ನ ಎದೆಯೆತ್ತರಕ್ಕೆ ಇಳಿಯಿತು. ಮೈಕೈಯೆಲ್ಲ ಹಾಲಿನಂಥ ಅಂಟು. ಶರ್ಟು ಬೆನ್ನಿಗೆ ಅಂಟಿತು, ಕನ್ನಡಕ ಕಿವಿಗೆ. ಕೊಂಬೆಗಳನ್ನು ಮೊಳಮೊಳ ತುಂಡು ಮಾಡಿ ಚೀಲಕ್ಕೆ ತುಂಬಿ, ಮರುದಿನ ಬೆಳಗ್ಗೆ ಕಸದ ಗಾಡಿಗೆ ಕೊಟ್ಟು ಕೈ ಒರೆಸಿಕೊಳ್ಳುತ್ತಿದ್ದೆ. ಹೆಂಡತಿ ಗೇಟು ತೆಗೆದಳು.

ಮರವನ್ನು ನೋಡಿದಳು. ನನ್ನನ್ನು ನೋಡಿದಳು. ಕೈಚೀಲ ಕೆಳಗಿಟ್ಟಳು.

“ಇದರ ಹೂವು ಎಲ್ಲಿ ಬಿಡುತ್ತೆ ಗೊತ್ತಾ ನಿಮಗೆ?”

“ಮರದಲ್ಲಿ.”

“ಕೊಂಬೆ ತುದೀಲಿ. ಒಂದು ತುದಿನಾದ್ರೂ ಉಳಿಸಿದ್ದೀರಾ?”

ಮರಕ್ಕೆ ಒಂದು ಸುತ್ತು ಬಂದು ನೋಡಿದೆ. ಉಳಿಸಿರಲಿಲ್ಲ. ನನ್ನ ಕೆಲಸ ಅಷ್ಟು ಅಚ್ಚುಕಟ್ಟು.

“ಬೇಸಿಗೆಗೆ ಅಮ್ಮ ಬಂದ್ರೆ ಏನು ತೋರಿಸ್ತೀರಿ?”

“ನೆರಳಲ್ಲಿ ಕುರ್ಚಿ ಹಾಕೋಣ.”

“ಯಾವುದರ ನೆರಳಲ್ಲಿ? ನಿಮ್ಮದಾ?”

ಅವಳ ದನಿ ಸ್ವಲ್ಪ ಒಡೆಯಿತು. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ, ಇದು ಆಗಲಿಲ್ಲ. ಪೈಜಾಮದಲ್ಲೇ ಓಡಿದೆ. ಮೂರು ಬೀದಿ ದಾಟಿ, ಗಾಡಿಗೆ ಅಡ್ಡ ನಿಂತು, “ನಮ್ಮತ್ತೆ ಆ ಚೀಲದಲ್ಲಿದ್ದಾರೆ” ಎಂದೆ. ಉಸಿರಿನ ಜೊತೆ ವ್ಯಾಕರಣವೂ ತಪ್ಪಿತ್ತು. ಚಾಲಕ ಕೆಳಗಿಳಿದು ದೂರ ನಿಂತ. ಚೀಲ ಹರಿದುಹೋಗಿತ್ತು. ಇಡೀ ಬಡಾವಣೆಯ ಕಸದಲ್ಲಿ ಕೈಯಾಡಿಸಿ ಹನ್ನೊಂದು ತುಂಡು ಹೆಕ್ಕಿ, ಎದೆಗವಚಿಕೊಂಡು ಮನೆಗೆ ಬಂದೆ.

ಹಸಿಯಾಗಿ ನೆಟ್ಟರೆ ಕೊಳೆಯುತ್ತವೆಂದು ಹೆಂಡತಿ ಹೇಳಿದ್ದರಿಂದ ಹತ್ತು ದಿನ ನೆರಳಿನಲ್ಲಿ ಒಣಗಿಸಿದೆ. ಆಮೇಲೆ ಹನ್ನೊಂದು ಕುಂಡಗಳಲ್ಲಿ ನೆಟ್ಟೆ. ವಾರಗಳು ಕಳೆದರೂ ಒಂದೂ ಕಣ್ಣು ಬಿಡಲಿಲ್ಲ. ಬೇಸಿಗೆ ಬಂತು, ಅತ್ತೆಯವರೂ ಬಂದರು.

ಮೋಟು ಮರದ ಮುಂದೆ ಅವರು ತುಂಬಾ ಹೊತ್ತು ನಿಂತರು. ಆಮೇಲೆ ಕುಂಡಗಳ ಬಳಿ ಕೂತು ಒಂದೊಂದೇ ಕಡ್ಡಿಯ ಮೇಲೆ ಬೆರಳಾಡಿಸಿದರು.

“ಅಳಿಯಂದ್ರೇ, ಎಲೆ ಉದುರಿದ ಗುರುತು ನೋಡಿ. ಮೊಗ್ಗು ಅದರ ಮೇಲ್ಗಡೆ ಇರಬೇಕು. ಇಲ್ಲಿ ಕೆಳಗಡೆ ಇದೆ.”

“ಅಂದ್ರೆ?”

“ತಲೆಕೆಳಗೆ ನೆಟ್ಟಿದ್ದೀರಿ.”

“ಯಾವುದನ್ನ?”

“ನೆಟ್ಟಗಿರೋದು ಒಂದಾದ್ರೂ ಸಿಗುತ್ತಾ ಅಂತ ಹುಡುಕ್ತಾ ಇದ್ದೀನಿ.”

ಹೆಂಡತಿ ಬಾಗಿಲ ಹಿಂದೆ ಸರಿದು ನಕ್ಕಳು. ಎಷ್ಟೋ ದಿನಗಳ ಮೇಲೆ ಕೇಳಿದ ನಗು. ಅದಕ್ಕಾಗಿ ಇನ್ನೂ ನೂರು ಕಡ್ಡಿಗಳನ್ನು ತಲೆಕೆಳಗೆ ನೆಡಲು ನಾನು ಸಿದ್ಧನಿದ್ದೆ.

ಅತ್ತೆಯವರು ಎಲ್ಲವನ್ನೂ ಕಿತ್ತು, ತಿರುಗಿಸಿ ನೆಡತೊಡಗಿದರು. “ಒಂದನ್ನಾದ್ರೂ ನಾನೇ ನೆಡ್ತೀನಿ” ಎಂದು ಗೋಗರೆದೆ. ಅವರು ಉಳಿದವನ್ನು ಮತ್ತೆ ಮುಟ್ಟಿ ಮುಟ್ಟಿ ನೋಡಿ, ಒಂದನ್ನು ಆರಿಸಿ ನನ್ನ ಕೈಗಿಟ್ಟರು. ಆ ಗೌರವಕ್ಕೆ ತಲೆಬಾಗಿ ಅದನ್ನು ನೆಟ್ಟೆ.

ಎರಡು ತಿಂಗಳಲ್ಲಿ ಅವರು ನೆಟ್ಟ ಹತ್ತೂ ಎಲೆ ಬಿಟ್ಟವು. ಮೋಟು ಮರವೂ ಚಿಗುರಿತು. ನನ್ನದು ಮಾತ್ರ ಹಾಗೇ ನಿಂತಿತ್ತು. ನೀರು ಹನಿಸಿದೆ, ಬಿಸಿಲಿಗೆ ಸರಿಸಿದೆ, ಯಾರೂ ಇಲ್ಲದಾಗ ಎರಡು ಒಳ್ಳೆಯ ಮಾತನ್ನೂ ಆಡಿದೆ. ಒಂದು ಭಾನುವಾರ ಹೆಂಡತಿ ಅದನ್ನು ಎಳೆದು ಮಣ್ಣು ಒರೆಸಿದಳು. ತುದಿಯಲ್ಲಿ ತುಕ್ಕು ಹಿಡಿದ ಮೊಳೆಯ ತಲೆ ಕಂಡಿತು.

“ರೀ, ಇದು ಯಾರದೋ ಮನೆ ನೆಲ ಒರೆಸೋ ಕೋಲಿನ ತುಂಡು.”

ತಕ್ಷಣ ಅತ್ತೆಯವರಿಗೆ ಫೋನು ಮಾಡಿದೆ. “ಅಷ್ಟು ಮುಟ್ಟಿ ನೋಡಿ ಆರಿಸಿದ್ರಿ, ನಿಮಗೂ ಗೊತ್ತಾಗ್ಲಿಲ್ವಲ್ಲ” ಎಂದೆ, ತುಸು ಗೆಲುವಿನಿಂದಲೇ.

“ಗೊತ್ತಿತ್ತಲ್ಲಪ್ಪಾ” ಎಂದರು ಅತ್ತೆಯವರು, ಬಹಳ ಮೃದುವಾಗಿ. “ನಿಮ್ಮ ಕೈಗೆ ಕೊಟ್ರೂ ಸಾಯದೇ ಇರೋದು ಅದೊಂದೇ ಇತ್ತು.”