ಕರಿಬಸವಯ್ಯನವರ ಕ್ಲೌಡ್ ಸರಬರಾಜು

ಮನೆಯ ಸಮಸ್ತ ಫೋಟೊ, ಹಾಡು, ಕಾಗದಪತ್ರಗಳನ್ನು ಕ್ಲೌಡಿಗೆ ಏರಿಸಿಯೇ ಇವತ್ತು ಊಟಕ್ಕೆ ಕೂರುವುದು ಎಂದು ಕರಿಬಸವಯ್ಯನವರು ಭಾನುವಾರ ಬೆಳಿಗ್ಗೆ ಘೋಷಿಸಿದರು. ಮೂವತ್ತು ವರ್ಷ ಅರ್ಧ ಬೆಂಗಳೂರಿಗೆ ನೀರು ಹತ್ತಿಸಿದ ನಿವೃತ್ತ ಇಂಜಿನಿಯರು ಅವರು; ನಾಲ್ಕು ಫೋಟೊ ಹತ್ತಿಸುವುದು ಯಾವ ಮಹಾ! ಕುಮಾರಸ್ವಾಮಿ ಲೇಔಟಿನ ಆ ಮನೆಯಲ್ಲಿ ಘೋಷಣೆ ಕೇಳಲು ಇದ್ದವರು ಹೆಂಡತಿ ಸರ್ವಮಂಗಳಾ ಒಬ್ಬರೇ. ಅವರು ಅವರೆಕಾಯಿ ಸುಲಿಯುತ್ತಿದ್ದರು.

"ನೋಡು ಮಂಗಳಾ, ಸ್ಟೋರೇಜ್ ಅಂದ್ರೆ ಸಂಪು. ತುಂಬಿಸಿಟ್ರೆ ಇರತ್ತೆ. ಸ್ಟ್ರೀಮಿಂಗ್ ಅಂದ್ರೆ ನಲ್ಲಿ. ತಿರುಗಿಸಿದಾಗ ಬರತ್ತೆ, ನಿಲ್ಸಿದ್ರೆ ಹೋಯ್ತು. ಸಿಂಕ್ ಅಂದ್ರೆ ಪೈಪಲ್ಲಿ ಜೋಡಿಸಿದ ಎರಡು ಟ್ಯಾಂಕು. ಇಲ್ಲೆಷ್ಟೋ ಅಲ್ಲೂ ಅಷ್ಟೇ."

"ಒಂದನ್ನ ಖಾಲಿ ಮಾಡಿದ್ರೆ?"

ಅಂಥ ದಡ್ಡರು ಯಾರಿರುತ್ತಾರೆ ಎಂದು ನಕ್ಕು, ಇಬ್ಬರ ಫೋನನ್ನೂ ಸಿಂಕಿಗೆ ಜೋಡಿಸಿಬಿಟ್ಟರು.

ಹತ್ತೂವರೆಗೆ ಅವರ ಫೋನು ಜಾಗವಿಲ್ಲವೆಂದು ಗೋಳಾಡತೊಡಗಿತು. ನೋಡಿದರೆ ಹೆಂಡತಿಯ ಫೋನಿನಿಂದ ಏಳುನೂರು ರಂಗೋಲಿ ಫೋಟೊ ಹರಿದು ಬಂದಿದೆ. ಅದೇ ಗೇಟು, ಅದೇ ಚಪ್ಪಡಿ, ಅವವೇ ಚುಕ್ಕಿ. ಹೇಗೂ ಅವಳ ಫೋನಿನಲ್ಲಿ ಇದ್ದೇ ಇರುತ್ತದಲ್ಲ ಎಂದುಕೊಂಡು ತಮ್ಮ ಫೋನಿನಿಂದ ಅಷ್ಟನ್ನೂ ಅಳಿಸಿದರು.

ಹತ್ತು ನಿಮಿಷಕ್ಕೆ ಸರ್ವಮಂಗಳಾ ಫೋನು ಹಿಡಿದು ಬಂದರು. "ರೀ, ನನ್ನ ರಂಗೋಲಿ ಎಲ್ಲಿ?"

ಬೈದಿದ್ದರೆ ತಡೆದುಕೊಳ್ಳಬಹುದಿತ್ತು, ಬೈಗುಳಕ್ಕೆ ನಲವತ್ತು ವರ್ಷದ ಅಭ್ಯಾಸವಿದೆ. ಆದರೆ ಅವರು ಸುಮ್ಮನೆ ಕುರ್ಚಿಯಲ್ಲಿ ಕುಳಿತು, ಕಣ್ಣೊರೆಸಿಕೊಂಡು, ಖಾಲಿ ಫೋನನ್ನೇ ತಡವುತ್ತಿದ್ದರು. ಕರಿಬಸವಯ್ಯನವರ ಜೀವ ಬಾಯಿಗೆ ಬಂತು. ಬಿಟಿಎಂ ಲೇಔಟಿನಲ್ಲಿರುವ ಮಗಳು ಸಿರಿಗೆ ಫೋನು ಹೋಯಿತು. ಅಳಿಸಿದ್ದೆಲ್ಲ ಮೂವತ್ತು ದಿನ ಕಸದ ಬುಟ್ಟಿಯಲ್ಲೇ ಇರುತ್ತದೆ, ಇದನ್ನು ಒತ್ತಿ, ಅದನ್ನು ಮಾತ್ರ ಮುಟ್ಟಬೇಡಿ ಎಂದು ಅವಳು ಹೇಳಿಕೊಟ್ಟಳು. ಹೇಳಿದಂತೆಯೇ ಒತ್ತಿದರು. ಏಳುನೂರೂ ಮರಳಿ ಬಂದವು.

ಬಂದಮೇಲಾದರೂ ತೆಪ್ಪಗಿರಬೇಕಿತ್ತು. "ಎಲ್ಲಾ ಒಂದೇ ಥರ ಇದೆಯಲ್ಲ, ಅಷ್ಟೊಂದು ಯಾಕೆ?" ಎಂದರು.

ಸರ್ವಮಂಗಳಾ ಒಂದು ಫೋಟೊದ ಮೂಲೆಯನ್ನು ದೊಡ್ಡದು ಮಾಡಿ ತೋರಿಸಿದರು. ಗೇಟಿನ ಬಳಿ ಹಳೇ ಚಪ್ಪಲಿಯ ಎರಡು ಕಾಲು, ಪಕ್ಕದಲ್ಲಿ ಹಾಲಿನ ಪ್ಯಾಕೆಟ್ಟು. ಮುಂದಿನದರಲ್ಲೂ ಅದೇ ಕಾಲು. ಅದರ ಮುಂದಿನದರಲ್ಲೂ.

"ಹಾರ್ಟ್ ಆಪರೇಷನ್ ಆದ್ಮೇಲೆ ನೀವು ಒಬ್ರೇ ವಾಕಿಂಗ್ ಹೋಗೋಕೆ ಶುರು ಮಾಡಿದ್ರಲ್ಲ, ಆವತ್ತಿಂದ ದಿನಾ ನೀವು ವಾಪಸ್ ಬಂದಾಗ ಒಂದು ತೆಗೀತೀನಿ. ರಂಗೋಲಿ ಬರೀ ನೆಪ."

ಕರಿಬಸವಯ್ಯನವರು ಒಂದೊಂದೇ ಫೋಟೊ ಸರಿಸುತ್ತ ತಮ್ಮ ಕಾಲನ್ನೇ ನೋಡಿದರು. ಮುಖವನ್ನೂ ತೆಗೆಯಬಹುದಿತ್ತಲ್ಲ ಎಂದು ಮೆಲ್ಲಗೆ ಕೇಳಿದರು.

"ಮುಖ ತೆಗೀತೀನಿ ಅಂದ್ರೆ ನಿಂತ್ಕೊಂಡು ಭಾಷಣ ಶುರು ಮಾಡ್ತೀರಿ," ಎಂದರು ಸರ್ವಮಂಗಳಾ. "ಕಾಲು ಮನೆಗೆ ಬಂದ್ರೆ ನಂಗೆ ಸಾಕು."