ಅಕ್ಕನ ಟ್ರೈಲರು, ಭಾವನ ಎರಡು ಡೀಸೆಲ್ ಕಾರು

ನಮ್ಮಕ್ಕನ ಮನೆಯಲ್ಲಿ ಯಾವ ಕೆಲಸವೂ ನೆಟ್ಟಗೆ ನಡೆದದ್ದು ನನಗೆ ನೆನಪಿಲ್ಲ. ಹಾಗಂತ ನಡೆಯದೆ ಉಳಿದದ್ದೂ ಇಲ್ಲ. ಬೇರೆಯವರು ಹೋಗಿ ಕಾರು ಕೊಂಡು ಬರುತ್ತಾರೆ, ಅಷ್ಟೇ. ಇವರು ಕಾರು ಕೊಳ್ಳಲು ಹೊರಟರೆ ನೆಂಟರಿಷ್ಟರಿಗೆಲ್ಲ ವರ್ಷಗಟ್ಟಲೆ ನಗಲು ಸಾಮಾನು ಸಿಗುತ್ತದೆ.

ಎಂಬತ್ತರ ದಶಕದ ನಡುವಿನ ಮಾತು. ನಾನು ಸೌತ್ ಸ್ಯಾನ್ ಫ್ರಾನ್ಸಿಸ್ಕೋದ ಲ್ಯಾಬೊಂದರಲ್ಲಿ ಕೆಲಸಕ್ಕಿದ್ದೆ. ಅಕ್ಕ ಭಾವ ಇದ್ದದ್ದು ಬೆಳ್ಳುಳ್ಳಿಗೆ ಹೆಸರಾದ ಗಿಲ್‌ರಾಯ್‌ನಲ್ಲಿ. ಶುಕ್ರವಾರ ಸಂಜೆ ಫ್ರೀವೇ ಹಿಡಿದು ಹೊರಟರೆ, ಬೆಳ್ಳುಳ್ಳಿ ವಾಸನೆ ಶುರುವಾದಲ್ಲಿ ಅಕ್ಕನ ಮನೆ ಬಂತು ಅಂತ ಲೆಕ್ಕ. ಆ ವರ್ಷ ಉಡುಪಿಯಿಂದ ಅಮ್ಮನೂ ಬಂದಿದ್ದಳು.

ಅಕ್ಕ ಗಿಲ್‌ರಾಯ್‌ನ ಬೆಳ್ಳುಳ್ಳಿ ಕಾರ್ಖಾನೆಯಲ್ಲಿ ಸಿಪ್ಪೆಯ ಧೂಳು ಕುಡಿದು ಕುಡಿದು ಸಾಕಾಗಿ, ತನ್ನದೇ ಆದ ದೋಸೆ ಅಂಗಡಿ ಬೇಕೆಂದು ಹಟ ಹಿಡಿದಿದ್ದಳು. ಕಾರಿನ ಹಿಂದೆ ಕಟ್ಟಿ ಎಳೆಯುವ ಹಳೆಯದೊಂದು ಟ್ರೈಲರ್ ತಂದು, ಒಲೆ ಕೂರಿಸಿ, ಹಳದಿ ಬಣ್ಣ ಬಳಿದು ಸಿದ್ಧವಾಗಿದ್ದಳು. ದೂರದ ಬರ್ಕ್ಲಿ ಊರಿನ ಶನಿವಾರದ ಸಂತೆಯಲ್ಲಿ ಜಾಗವೂ ಸಿಕ್ಕಿತು. ಆದರೆ ಸಂತೆ ನೋಡಿಕೊಳ್ಳುವಾಕೆ ಖಡಾಖಂಡಿತವಾಗಿ ಹೇಳಿದ್ದಳು: ಮೊದಲ ಶನಿವಾರವೇ ಟ್ರೈಲರ್ ಬಂದು ನಿಂತಿರಬೇಕು, ಇಲ್ಲದಿದ್ದರೆ ಜಾಗ ಇನ್ನೊಬ್ಬರಿಗೆ. ಅಕ್ಕನ ಮನೆಯಲ್ಲಿದ್ದ ಪುಟ್ಟ ಕಾರಿಗೆ ಟ್ರೈಲರ್ ಕಟ್ಟಿದರೆ ಕಾರಿನ ಮೂತಿ ಆಕಾಶ ನೋಡುತ್ತಿತ್ತು. ಎಳೆಯಲು ಗಟ್ಟಿಯಾದದ್ದು ಬೇಕಾಗಿತ್ತು.

ಸಲಹೆಗಾರರು

ಭಾವ ತುಂಬಾ ಒಳ್ಳೆಯವರು. ಅಕ್ಕನ ದೋಸೆಯ ಕನಸಿಗೆ ಅಕ್ಕನಿಗಿಂತ ಹೆಚ್ಚು ಕುಣಿದವರು. ಅವರಿಗೆ ಇದ್ದದ್ದು ಒಂದೇ ಕಷ್ಟ, ತೀರ್ಮಾನ ಮಾಡಲು ಬಾರದು. ಎರಡು ಡೀಸೆಲ್ ಕಾರು ಹುಡುಕಿದರು. ಒಂದು, ಪಕ್ಕದ ಮನೆಯ ಬೆಳ್ಳುಳ್ಳಿ ರೈತನದು: ಹಳೆಯದು, ನಿಧಾನ, ಕಬ್ಬಿಣದ ಕಪಾಟಿನಷ್ಟು ಗಟ್ಟಿ. ಇನ್ನೊಂದು ಬರ್ಕ್ಲಿಯ ಗಡ್ಡದ ಸಂಶೋಧಕನದು: ಹೊಸದು, ಟರ್ಬೊ ಇರುವುದು, ನುಣ್ಣಗೆ ಹೊಳೆಯುವುದು. ಎರಡರ ಹಿಂದೆಯೂ ಟ್ರೈಲರ್ ಸಿಕ್ಕಿಸುವ ಉಕ್ಕಿನ ಗುಂಡು ಇತ್ತು. ಭಾವನ ನಿದ್ದೆ ಹೋಯಿತು.

ಆ ವಾರ ಕನ್ನಡದವರೆಲ್ಲ ಸೇರುವ ಊಟವಿತ್ತು. ಭಾವ ಬಿಸಿಬೇಳೆಬಾತಿನ ತಟ್ಟೆ ಹಿಡಿದುಕೊಂಡು ಒಬ್ಬೊಬ್ಬರನ್ನೇ ಕೇಳುತ್ತ ಹೋದರು.

"ಹಳೇದೇ ತಗೊಳ್ಳಿ ಸಾರ್, ಕೆಡೋಕೆ ಅದ್ರಲ್ಲಿ ಏನೂ ಇಲ್ಲ" ಅಂದರು ಹಾಸನದವರು.

"ಛೆ ಛೆ, ಹೊಸದೇ ತಗೊಳ್ಳಿ. ಫ್ರೀವೇನಲ್ಲಿ ಹಳೇದು ಇಟ್ಕೊಂಡು ಓಡೋ ಕಾರುಗಳ ಮಧ್ಯೆ ಮರ್ಜ್ ಆಗೋಕಾಗತ್ತಾ?" ಅಂದರು ಬೆಂಗಳೂರಿನವರು.

ಮಂಡ್ಯದವರೊಬ್ಬರು ಎಂಜಿನ್ನಿನ ಚಿತ್ರವನ್ನು ಪೇಪರ್ ನ್ಯಾಪ್ಕಿನ್ನಿನ ಮೇಲೆ ಬರೆದು ತೋರಿಸಿದರು. ಪಾಯಸ ಬರುವ ಹೊತ್ತಿಗೆ ಎರಡು ಪಕ್ಷವಾಗಿ, ಜಗಳ ಜೋರಾಗಿ, ಭಾವ ನಡುವೆ ಕೂತು ಎರಡೂ ಕಡೆಗೆ ತಲೆಯಾಡಿಸುತ್ತಿದ್ದರು. ಆಮೇಲೆ ಸಲಹೆ ಕೊಟ್ಟವರೆಲ್ಲ ತಂತಮ್ಮ ಪೆಟ್ರೋಲ್ ಕಾರು ಹತ್ತಿ ಮನೆಗೆ ಹೋದರು.

ಶ್ಲೋಕದ ಅಳತೆ

ಮರುದಿನ ಎರಡೂ ಕಾರು ನೋಡುವುದೆಂದಾಯಿತು. ಮೊದಲು ಪಕ್ಕದ ಮನೆಯದು. ಆ ಕಾಲದ ಡೀಸೆಲ್ ಕಾರುಗಳಲ್ಲಿ ಕೀ ತಿರುಗಿಸಿದೊಡನೆ ಎಂಜಿನ್ ಏಳುತ್ತಿರಲಿಲ್ಲ. ಮೊದಲು ಒಳಗೆ ಬಿಸಿಯೇರಬೇಕು. ಅದಕ್ಕೊಂದು ಸಣ್ಣ ದೀಪ ಹತ್ತುತ್ತದೆ, ಅದು ಆರಿದ ಮೇಲೆ ಸ್ಟಾರ್ಟ್ ಮಾಡಬೇಕು.

ದೀಪ ಹತ್ತಿತು. ಹಿಂದಿನ ಸೀಟಿನಲ್ಲಿದ್ದ ಅಮ್ಮ ಕೈಮುಗಿದು, ವಾಹನ ಹತ್ತಿದಾಗ ಹೇಳುವ ಗಣಪತಿ ಶ್ಲೋಕ ಶುರುಮಾಡಿದಳು. ನಿಧಾನವಾಗಿ, ಒಂದಕ್ಷರ ಬಿಡದೆ ಹೇಳಿ, ಕೊನೆಗೆ ಕಣ್ಣಿಗೊತ್ತಿಕೊಂಡಳು. ಸರಿಯಾಗಿ ಆಗ ದೀಪ ಆರಿತು. ಎಂಜಿನ್ ಗಡಗಡ ಎಂದು ಎದ್ದು, ಕಿಟಕಿಯಲ್ಲಿ ಹೊಗೆ ನುಗ್ಗಿತು. ನಾನು ಮೂಗು ಮುಚ್ಚಿಕೊಂಡೆ. ಅಮ್ಮ ಮಾತ್ರ ಉಸಿರೆಳೆದುಕೊಂಡು ಕಣ್ಣು ತೇವ ಮಾಡಿಕೊಂಡಳು.

"ಮಂಗಳೂರು ಬಸ್‌ಸ್ಟ್ಯಾಂಡಿನದ್ದೇ ವಾಸನೆ! ಒಂದು ಗಳಿಗೆ ಬಂದ್ ಮಾಡ್ಬೇಡಿ ಮಾರಾಯ್ರೆ, ಹೀಗೇ ಇರ್ಲಿ."

ನಾನೂ ಮೂಗಿನಿಂದ ಕೈ ತೆಗೆದೆ.

ಮಧ್ಯಾಹ್ನ ಬರ್ಕ್ಲಿಗೆ ಹೋಗಿ ಹೊಸ ಕಾರಿನಲ್ಲಿ ಕೂತೆವು. ಅಮ್ಮ ಕೈಮುಗಿದಳು, ಬಾಯಿ ತೆರೆದಳು, ಶ್ಲೋಕದ ಎರಡನೇ ಪದಕ್ಕೆ ದೀಪ ಆರಿ ಕಾರು ಹೊರಟೇಬಿಟ್ಟಿತು. ಅಮ್ಮ ಪಾಪ, ಗಣಪತಿಯನ್ನು ಅರ್ಧದಲ್ಲಿ ಬಿಟ್ಟು ಸೀಟು ಹಿಡಿದುಕೊಂಡಳು.

"ಏನು ಪವರ್ ನೋಡಿ ಅತ್ತೆ!" ಅಂದರು ಭಾವ.

"ಪವರ್ ಉಂಟು" ಅಂದಳು ಅಮ್ಮ, "ದೇವರಿಗೇ ಪುರುಸೊತ್ತು ಕೊಡುವುದಿಲ್ಲ."

ಸೈಕಲ್ಲಿನವನು

ನೋಡಿದ್ದು ಸಾಲದು, ಎಳೆದೇ ಪರೀಕ್ಷಿಸಬೇಕು ಅಂದರು ಭಾವ. ರೈತ ಪುಣ್ಯಾತ್ಮ, "ಬೇಕಾದಷ್ಟು ದಿನ ಇಟ್ಟುಕೊಳ್ಳಿ" ಅಂತ ಕೀ ಕೊಟ್ಟ. ಟ್ರೈಲರಿಗೆ ಅಕ್ಕಿ ಮೂಟೆ, ಗ್ರೈಂಡರು, ದೋಸೆ ಕಲ್ಲು ಎಲ್ಲ ತುಂಬಿ, ಹಳೇ ಕಾರಿಗೆ ಸಿಕ್ಕಿಸಿ, ಊರಿನ ಪಶ್ಚಿಮದ ಗುಡ್ಡದ ರಸ್ತೆ ಹತ್ತಿದೆವು. ಭಾವ ಓಡಿಸುತ್ತಿದ್ದರು, ಪಕ್ಕದಲ್ಲಿ ಅಕ್ಕ, ಹಿಂದೆ ನಾನು, ಅಮ್ಮ. ಅಕ್ಕನ ಮಡಿಲಲ್ಲಿ ಗೋಳಿಬಜೆಯ ಡಬ್ಬಿ.

ಕಾರು ಎಲ್ಲೂ ನಿಲ್ಲಲಿಲ್ಲ. ಆದರೆ ನಡೆಯುತ್ತಿದೆ ಅನ್ನಲು ರಸ್ತೆ ಬದಿಯ ಮರ ನೋಡಿಯೇ ಖಚಿತ ಮಾಡಿಕೊಳ್ಳಬೇಕಿತ್ತು. ಅಷ್ಟರಲ್ಲಿ ಅಕ್ಕನ ಕಿಟಕಿಯಲ್ಲಿ ಒಂದು ಮುಖ ಕಾಣಿಸಿತು. ಸೈಕಲ್ ತುಳಿಯುತ್ತಿದ್ದ ಒಬ್ಬ ಅಮೆರಿಕನ್ ಯುವಕ.

"ಒಳ್ಳೆ ವಾಸನೆ ಬರ್ತಿದೆ. ಏನದು?" ಅಂತ ಇಂಗ್ಲಿಷಿನಲ್ಲಿ ಕೇಳಿದ.

ಮನೆಬಾಗಿಲಿಗೆ ಬಂದವನನ್ನು ಅಕ್ಕ ಬರಿಗೈಲಿ ಕಳಿಸುತ್ತಾಳೆಯೇ? ಒಂದು ಗೋಳಿಬಜೆ ಕೊಟ್ಟಳು. ಅವನು ಸೈಕಲ್ ತುಳಿಯುತ್ತಲೇ ತಿಂದ. ಇನ್ನೊಂದು ಕೊಟ್ಟಳು. ಚಟ್ನಿಯೂ ಇದೆ ಅಂದಳು. ಅದನ್ನೂ ಅದ್ದಿಕೊಂಡ. ಬರ್ಕ್ಲಿ ಸಂತೆಗೆ ಬನ್ನಿ ಅಂತ ಕರೆದಳು. ಅವನು ಬರುತ್ತೇನೆಂದು ಹೇಳಿ, ಕೈ ಒರೆಸಿಕೊಂಡು, ನಮ್ಮನ್ನು ದಾಟಿ ಮುಂದೆ ಹೋದ.

ಅಕ್ಕನಿಗೆ ಮೊದಲ ಗಿರಾಕಿ ಸಿಕ್ಕ ಖುಷಿ. ಭಾವನಿಗೆ ಸೈಕಲ್ಲು ದಾಟಿಹೋದ ಅವಮಾನ. ಮನೆಗೆ ಬಂದವರೇ ಸಂಶೋಧಕನಿಗೆ ಫೋನು ಮಾಡಿ, ಗುರುವಾರ ಹೊಸ ಕಾರು ತನ್ನಿ ಅಂದರು.

ಹಿಂದಿನಿಂದ ಕರೆಯಬಾರದು

ಗುರುವಾರ ನಾನೂ ರಜೆ ಹಾಕಿ ಬಂದೆ. ಶನಿವಾರ ಇನ್ನೇನು ಬಂದೇಬಿಟ್ಟಿತ್ತು. ಅಕ್ಕ ಎರಡು ದಿನದಿಂದ ಸರಿಯಾಗಿ ಉಂಡಿರಲಿಲ್ಲ. "ಯಾವುದೋ ಒಂದು, ಇವತ್ತು ಹೇಳಿಬಿಡಿ" ಅಂತ ಭಾವನನ್ನು ಬೇಡಿಕೊಂಡಳು.

ಸಂಶೋಧಕ ಕಾರು ತಂದು ಟ್ರೈಲರಿನ ಮುಂದೆ ನಿಲ್ಲಿಸಿದ. ಭಾವ ಟ್ರೈಲರ್ ಸಿಕ್ಕಿಸಲು ಬಗ್ಗಿದ್ದರು. ಅಷ್ಟರಲ್ಲಿ ಅಮ್ಮ ಆರತಿ ತಟ್ಟೆ ಹಿಡಿದು ಬಂದಳು.

"ರಾಹುಕಾಲ ಬರ್ತಾ ಉಂಟು, ಬೇಗ ಬೇಗ!"

ಭಾವ ಎದ್ದು ಬಂದು ನಿಂತರು. ಅಮ್ಮ ಬಾನೆಟ್ಟಿಗೆ ಕುಂಕುಮ ಹಚ್ಚಿ, ಗಾಲಿಗಳಿಗೆ ನಿಂಬೆಹಣ್ಣು ಇಟ್ಟು, ಹಿತ್ತಿಲಿನ ಚೆಂಡುಹೂವಿನ ದಪ್ಪ ಮಾಲೆಯನ್ನು ಹಿಂದಿನ ರಸ್ತೆ ತೋರಿಸುವ ಒಳಗಿನ ಕನ್ನಡಿಗೆ ನೇತುಹಾಕಿದಳು. ಸಂಶೋಧಕ ಎಲ್ಲವನ್ನೂ ಭಕ್ತಿಯಿಂದ ನೋಡುತ್ತಿದ್ದ. ಆರತಿಯಾಗಿ ಕಾರು ಹತ್ತಿದ ಮೇಲೆ ಮತ್ತೆ ಇಳಿಯಬಾರದು. ಭಾವ ಹತ್ತಿದರು, ಪಕ್ಕದಲ್ಲಿ ಸಂಶೋಧಕ ಕೂತ, ನಿಂಬೆಹಣ್ಣು ಪಚಕ್ಕೆಂದವು, ಕಾರು ಹೊರಟಿತು.

ಟ್ರೈಲರು ನಿಂತಲ್ಲೇ ನಿಂತಿತ್ತು.

"ಭಾ..." ಅಂದೆ ಅಷ್ಟೆ. ಅಮ್ಮನ ಕೈ ನನ್ನ ಬಾಯಿ ಮೇಲೆ ಬಿತ್ತು.

"ಶುಭಕಾರ್ಯಕ್ಕೆ ಹೊರಟವರನ್ನು ಹಿಂದಿನಿಂದ ಕರೆಯುವುದಾ? ಅಕ್ಕನ ಅಂಗಡಿ ನಡೆಯುವುದು ಬೇಡವಾ ನಿಂಗೆ?"

ಹಿಟ್ಟಿನ ಪಾತ್ರೆ ಹಿಡಿದು ಅಕ್ಕ ಒಳಗಿನಿಂದ ಬಂದಳು.

"ಇವ್ರೆಲ್ಲಿ?"

"ಗುಡ್ಡ ಹತ್ಲಿಕ್ಕೆ ಹೋದ್ರು" ಅಂದಳು ಅಮ್ಮ.

"ಟ್ರೈಲರು?"

"ಇಲ್ಲೇ ಉಂಟಲ್ಲ."

ಅಕ್ಕ ಪಾತ್ರೆ ಕೆಳಗಿಟ್ಟು ಟ್ರೈಲರಿನ ಮೆಟ್ಟಿಲ ಮೇಲೆ ಕೂತಳು. ಅಳುತ್ತಾಳೋ ನಗುತ್ತಾಳೋ ನನಗೆ ತಿಳಿಯಲಿಲ್ಲ.

ಸ್ವಲ್ಪ ಹೊತ್ತಿಗೆ ಕಾರು ವಾಪಸ್ಸು ಬಂದು ಬೀದಿಯಲ್ಲಿ ನಿಂತಿತು. ಭಾವ ಇಳಿದರು. ಅವರ ಮುಖದಲ್ಲಿ ಅಂಥ ಸಂತೋಷವನ್ನು ನಾನು ಅವರ ಮದುವೆಯಲ್ಲೂ ನೋಡಿರಲಿಲ್ಲ.

"ಇದೇ! ಇದನ್ನೇ ತಗೊಳ್ಳೋದು! ಹಿಂದೆ ಏನಾದ್ರೂ ಇದೆ ಅಂತ್ಲೇ ಗೊತ್ತಾಗ್ಲಿಲ್ಲ! ಎರಡು ಲಾರಿ ಹಿಂದೆ ಹಾಕ್ದೆ. ಟ್ರೈಲರು ಎಷ್ಟು ನೇರವಾಗಿ ಬರ್ತಿತ್ತು ಅಂದ್ರೆ, ಸೈಡ್ ಮಿರರ್‌ನಲ್ಲಿ ಒಂಚೂರೂ ಕಾಣಿಸ್ಲಿಲ್ಲ!"

ಅಮ್ಮ ಈಗ ಅವರ ಎದುರಿಗಿದ್ದಳು, ಹೇಳಲು ಅಡ್ಡಿಯಿರಲಿಲ್ಲ. "ಅಳಿಯಂದಿರೇ, ಸ್ವಲ್ಪ ಈಚೆ ನೋಡಿ."

ಭಾವ ನೋಡಿದರು. ತುಂಬಾ ಹೊತ್ತು ನೋಡಿದರು. ಆಮೇಲೆ ಸಂಶೋಧಕನ ಕಡೆ ತಿರುಗಿ, "ನೀವಾದ್ರೂ ಹೇಳ್ಬಾರ್ದಿತ್ತಾ?" ಅಂತ ಇಂಗ್ಲಿಷಿನಲ್ಲಿ ಕೇಳಿದರು.

ಅವನು ಬಹಳ ಗೌರವದಿಂದ ಹೇಳಿದ: "ಹೊರಡುವಾಗಲೇ ನೋಡಿದೆ. ಆದರೆ ಹಣ್ಣು, ಹೂವು, ದೀಪ ಎಲ್ಲ ಆದಮೇಲೆ, ಮೊದಲ ಸಲ ಟ್ರೈಲರನ್ನು ಮನೆಯಲ್ಲೇ ಬಿಟ್ಟುಹೋಗುವುದೂ ನಿಮ್ಮ ಪದ್ಧತಿ ಇರಬೇಕು ಅಂದುಕೊಂಡೆ."

ಅಕ್ಕ ನಕ್ಕಳು. ಎರಡು ದಿನದ ಸಂಕಟವೆಲ್ಲ ಇಳಿದುಹೋಗುವಂತೆ, ಮೆಟ್ಟಿಲು ಹಿಡಿದುಕೊಂಡು ನಕ್ಕಳು. ಈಗಲಾದರೂ ಸಿಕ್ಕಿಸಿ ಇನ್ನೊಂದು ಸುತ್ತು ಹೋಗಿಬರುತ್ತೇನೆ ಅಂದ ಭಾವನ ತೋಳು ಹಿಡಿದು ನಿಲ್ಲಿಸಿದಳು.

"ಬೇಡ ಬಿಡಿ. ಹಳೇದೇ ಸಾಕು. ನನ್ನ ಅಂಗಡಿ ಹಿಂದೆ ಇದೆ ಅಂತ ಅದಕ್ಕಾದ್ರೂ ಗೊತ್ತಾಗ್ತದೆ."

ಭಾವ ಆ ದಿನ ಯಾರನ್ನೂ ಕೇಳದೆ ಪಕ್ಕದ ಮನೆಗೆ ಹೋಗಿ ಮಾತು ಮುಗಿಸಿ ಬಂದರು. ಸಂಶೋಧಕ ದೋಸೆ ತಿಂದು, ಬೇಸರವಿಲ್ಲದೆ ಹೊರಟ.

ಶನಿವಾರ ಸಂತೆ ತೆರೆಯುವ ಹೊತ್ತಿಗೆ ಬರ್ಕ್ಲಿಯಲ್ಲಿ ಅಕ್ಕನ ದೋಸೆ ಕಲ್ಲು ಕಾದಿತ್ತು, ಜಾಗ ಅವಳದಾಯಿತು. ಆದರೆ ನನಗೆ ಈಗಲೂ ನೆನೆದರೆ ನಗು ಬರುವುದು ಅಕ್ಕ ಭಾವ ಅಂದು ಬೆಳಗ್ಗೆ ಮನೆ ಬಿಟ್ಟದ್ದು. ಅಮ್ಮ ಬೀದಿಯಲ್ಲಿ ನಿಂತೇ ಶ್ಲೋಕ ಪೂರ್ತಿ ಹೇಳಿ ಮುಗಿಸಿದಳು, ದೀಪ ಆರಿತು, ಕಾರು ಹೊಗೆಯುಗುಳುತ್ತ ಹೊರಟಿತು. ಭಾವನಿಗೆ ಗುರುವಾರದ ಹೆದರಿಕೆ ಹೋಗಿರಲಿಲ್ಲ, ಕಿಟಕಿಯಿಂದ ತಲೆ ಹೊರಗೆ ಹಾಕಿ ಕೂಗಿದರು: "ಅತ್ತೆ, ಬರ್ತಾ ಇದೆಯಾ?"

ಅಮ್ಮ ಪೇಚಿಗೆ ಬಿದ್ದಳು. ಹೇಳದಿದ್ದರೆ ಅಳಿಯನಿಗೆ ಸಮಾಧಾನವಿಲ್ಲ, ಹೇಳಿದರೆ ಹಿಂದಿನಿಂದ ಕೂಗಿದಂತಾಗುತ್ತದೆ. ಸೆರಗು ಸೊಂಟಕ್ಕೆ ಸಿಕ್ಕಿಸಿ, ಕಾರನ್ನು ದಾಟಿ ಮುಂದೆ ಓಡಿ, ತಿರುಗಿ ನೋಡುತ್ತ, "ಉಂಟು, ಹಿಂದೆಯೇ ಉಂಟು, ಬನ್ನಿ ಬನ್ನಿ" ಅಂತ ಕೈಬೀಸುತ್ತ ನಡೆದಳು. ಅಕ್ಕಿ ಮೂಟೆ, ಗ್ರೈಂಡರು, ಹಿಟ್ಟು ಎಲ್ಲವನ್ನೂ ಎಳೆಯುತ್ತಿದ್ದ ಆ ಹಳೇ ಕಾರಿಗೆ, ಬೀದಿಯ ತಿರುವು ಬರುವ ತನಕವೂ ಅಮ್ಮನನ್ನು ಹಿಂದೆ ಹಾಕಲು ಆಗಲಿಲ್ಲ.