ರೊಟ್ಟಿ ರಾಯಭಾರ

ನಿವೃತ್ತ ರಾಯಭಾರಿ ಅಂದಪ್ಪನವರ ಕೊರಗೆಂದರೆ, ಲಕ್ಷ್ಮೇಶ್ವರದಲ್ಲಿ ಅವರ ಪ್ರತಿಭೆಗೆ ತಕ್ಕ ಕಲಹವೇ ಇರಲಿಲ್ಲ. ಕೆನ್ಯಾ, ಪೋಲೆಂಡ್, ವಿಯೆಟ್ನಾಂ ಎಂದು ಹೋದಲ್ಲೆಲ್ಲ ಮನುಷ್ಯರೆಲ್ಲ ಒಂದೇ ಎಂದು ಭಾಷಣ ಬಿಗಿದು, ಎದುರಿಗಿಟ್ಟದ್ದನ್ನು ಹೆಸರು ಕೇಳದೆ ನುಂಗಿ ಬಂದ ಗಂಟಲು ಅದು. ಈಗ ಅಡುಗೆಮನೆಯ ಗಡಿ ದಾಟಲಿಕ್ಕೂ ಹೆಂಡತಿ ಸಿದ್ದಲಿಂಗವ್ವನ ಅಪ್ಪಣೆ ಬೇಕು.

ರೊಟ್ಟಿ ಪಂಚಮಿಯ ಬೆಳಿಗ್ಗೆ ಅವರಿಗೊಂದು ಘನವಾದ ಯೋಚನೆ ಹೊಳೆಯಿತು. ಅಂದು ಮನೆಮನೆಗೆ ರೊಟ್ಟಿ-ಪಲ್ಯ ಕೊಟ್ಟು, ಅವರದನ್ನು ಇಸಗೊಂಡು ಬರುವುದು ಈ ಸೀಮೆಯ ರೂಢಿ. (ಮನೆಮನೆ ಎಂದರೆ ಯಾವ್ಯಾವ ಮನೆ ಎಂಬುದು ಎಲ್ಲರಿಗೂ ಗೊತ್ತು, ಯಾರೂ ಬಾಯಿಬಿಟ್ಟು ಹೇಳುವುದಿಲ್ಲ.)

"ಈ ಸಲ ಊರ ಹೊರಗಿನ ಕೇರಿಗೂ ಹೋಗಬೇಕು. ನಮ್ಮ ಹೊಲದಾಗ ಕಳಿ ತಗಿತಾಳಲ್ಲ, ದುರಗವ್ವ, ಆಕಿ ಮನಿಗೆ ನಾನೇ ಒಯ್ತೀನಿ."

"ಒಯ್ರಿ, ಬ್ಯಾಡಂದವರ್ಯಾರು? ಆದ್ರ ಆಕಿ ಕೊಟ್ಟಿದ್ದನ್ನ ತಿನ್ನಬೇಕಾಗ್ತೈತಿ, ನೋಡ್ರಿ."

"ಏ, ಕೊಟ್ಟು ತಗೊಳ್ಳೋದೇ ನನ್ನ ಉದ್ಯೋಗ ಆಗಿತ್ತು!"

ದುರಗವ್ವ ಎರಡೂ ಕೈಯಿಂದ ರೊಟ್ಟಿ ತೆಗೆದುಕೊಂಡಳು. ಹಸನಾದ ಅರಿವೆಯಲ್ಲಿ ತನ್ನವನ್ನು ಇಟ್ಟುಕೊಟ್ಟಳು.

"ಯಪ್ಪಾ, ಒಂದ್ ತುತ್ತು ಇಲ್ಲೇ ತಿಂದು ಹೋಗ್ರಿ."

ಅಂದಪ್ಪನವರ ಕೈ ರೊಟ್ಟಿಯ ತನಕ ಹೋಗಿ ನಿಂತಿತು. ಏಕೆ ನಿಂತಿತೆಂದು ಅವರಿಗೇ ತಿಳಿಯಲಿಲ್ಲ. (ತಿಳಿಯಿತು. ಸುಳ್ಳು ಯಾಕೆ ಹೇಳಬೇಕು?)

"ಸಕ್ರಿ ಬ್ಯಾನಿ ಐತಿ... ಡಾಕ್ಟರು..."

"ಜ್ವಾಳದ ರೊಟ್ಟಿ ತಿನ್ರಿ ಅಂತ ಡಾಕ್ಟರೇ ಹೇಳ್ತಾರಲ್ರಿ!"

"ಮನಿಗೊಯ್ದು ಎಲ್ಲಾರೂ ಕೂಡಿ ತಿಂತೀವಿ ತಗೋ," ಎಂದು ಕಾಲ್ತೆಗೆದರು. ಓಣಿಯ ಮೂಲೆಯಲ್ಲಿ ಒಂದು ಆಕಳು ನಿಂತಿತ್ತು. ಗಂಟು ಬಿಚ್ಚಿ ಅದರ ಮುಂದಿಟ್ಟರು. ಪುಣ್ಯವೂ ಬಂತು, ಸಾಕ್ಷಿಯೂ ಕರಗಿತು.

"ಅಲ್ಲೇ ಕುಂತು ತಿಂದೆ. ಭಾಳ ಛಲೋ ಇತ್ತು," ಎಂದು ಮನೆಯಲ್ಲಿ ವರದಿ ಒಪ್ಪಿಸಿದರು.

"ಖರೇನ?" ಎಂದಳು ಸಿದ್ದಲಿಂಗವ್ವ.

ಅಷ್ಟರಲ್ಲಿ ಬಾಗಿಲಲ್ಲಿ ದುರಗವ್ವ. ಕೈಯಲ್ಲಿ ಬಟ್ಟಲು.

"ಯವ್ವಾ, ರೊಟ್ಟಿ ಕೊಟ್ಟೆ, ಕೆಂಪ ಚಟ್ನಿ ಕೊಡೋದು ಮರತಿದ್ದೆ. ಬೆನ್ನ ಹಿಂದ ಓಡಿ ಬಂದೆ. ಮೂಲ್ಯಾಗ ಆಕಳ ತಿನ್ನಾಕತ್ತಿತ್ತು. ಅದಕ್ಕ ಖಾರ ಆದೀತು ಅಂತ ಇಲ್ಲಿಗೆ ತಂದೆ."

ಅವಳು ನಗಲಿಲ್ಲ. ಭೂಮಿ ಬಾಯಿಬಿಡಲಿಲ್ಲ, ಬಿಟ್ಟವರು ಅಂದಪ್ಪನವರೇ. "ಅದು... ಗೋಗ್ರಾಸ..." ಎಂದರು. ಇಂಥ ಹೊತ್ತಿಗೆ ಬೇಕಾಗುವ ಮಾತು ಯಾವ ರಾಜಧಾನಿಯಲ್ಲೂ ಕಲಿಸಿರಲಿಲ್ಲ.

ಸಿದ್ದಲಿಂಗವ್ವ ಬಟ್ಟಲು ಇಸಗೊಂಡು, ಬೆರಳಿಗೆ ಚಟ್ನಿ ಹಚ್ಚಿ ನೆಕ್ಕಿದಳು. "ಒಳಗ ಬಾ ದುರಗವ್ವಾ, ಕೂಡೇ ಉಣ್ಣೂಣು."

"ಇವತ್ತ ಬ್ಯಾಡ್ರಿ ಯವ್ವಾ. ಹಬ್ಬ ಆದಮ್ಯಾಲ ಹೊಲಕ್ಕೂ ಬರೂದಿಲ್ರಿ. ಬ್ಯಾರೆ ಆಳು ನೋಡ್ಕೋರಿ."

ಹಬ್ಬ ಮುಗಿಯಿತು. ಬೇರೆ ಆಳು ಸಿಗಲಿಲ್ಲ. ಕೇರಿಯ ಒಬ್ಬ ಹೆಣ್ಣುಮಗಳೂ ಹೊಲದತ್ತ ಸುಳಿಯಲಿಲ್ಲ.

"ಆಕಿ ಮನಿಗೆ ಹೋಗಿ ತಪ್ಪಾತು ಅನ್ರಿ, ಇಲ್ಲಾಂದ್ರ ನೀವೇ ಕಳಿ ತಗೀರಿ," ಎಂದು ಸಿದ್ದಲಿಂಗವ್ವ ಅಂತಿಮ ನಿರ್ಣಯ ಮಂಡಿಸಿದಳು.

ತಪ್ಪಾಯಿತು ಎನ್ನುವುದು ರಾಯಭಾರಿಗಳ ಪರಿಪಾಠವಲ್ಲ. ಅಂದಪ್ಪನವರು ಕಳೆ ಕೀಳುವ ಕುರ್ಚಿಗಿ ಹಿಡಿದು ಶೇಂಗಾ ಸಾಲಿನಲ್ಲಿ ಕುಕ್ಕರಿಸಿದರು. ದುರಗವ್ವ ಬೇರೆಯವರ ಹೊಲಕ್ಕೆ ಹೊರಟವಳು ಬದುವಿನ ಮೇಲೆ ಹಾದು ಹೋದಳು, ಇತ್ತ ತಿರುಗಿಯೂ ನೋಡಲಿಲ್ಲ.

ಮಧ್ಯಾಹ್ನ ಬುತ್ತಿ ತಂದ ಸಿದ್ದಲಿಂಗವ್ವ ಸಾಲಿನುದ್ದಕ್ಕೂ ಕಣ್ಣಾಡಿಸಿ ಹಣೆ ಹಣೆ ಬಡಿದುಕೊಂಡಳು.

"ಅಯ್ಯ ಶಿವನೇ! ಬಿತ್ತಿದ್ದನ್ನೆಲ್ಲಾ ಕಿತ್ತು ಒಗದೀರಲ್ರಿ. ಕಳಿ ನೋಡ್ರಿ, ಹೆಂಗ ಸೊಕ್ಕಿ ನಿಂತೈತಿ!"